ಸ್ವಚ್ಛತಾ ವೃತ್ತಿಗೆ ಪ್ರೆಶರ್ ವಾಷರ್: ಕೊಳ್ಳುವ ಮುನ್ನ

ಚೆನ್ನೈನ ಕೀಲ್ಪಾಕ್‌ನಲ್ಲಿ ಜಲಶುದ್ಧೀಕರಣ ಕೇಂದ್ರ ಆರಂಭವಾದದ್ದು 1914ರಲ್ಲಿ. ಆದರೂ 2019ರ ಬೇಸಿಗೆಯಲ್ಲಿ ಜಲಾಶಯಗಳು ಬತ್ತಿದಾಗ ನಗರವೇ ಟ್ಯಾಂಕರ್ ಲಾರಿಗಳಿಗೆ ಕಾದು ನಿಂತಿತು. ಗುಡಿಸಿ ಒರೆಸುವ ಸಣ್ಣ ವೃತ್ತಿಗೆ ಪ್ರೆಶರ್ ವಾಷರ್ ಸೇರಿಸಬಯಸುವ ಬಂಧುಗಳು ಇದನ್ನು ಮೊದಲು ನೆನೆಯಬೇಕು.

ನೀರು: ತೆರೆದ ಹೋಸ್ ಪೈಪು ನಿಮಿಷಕ್ಕೆ ಸುಮಾರು 15 ಲೀಟರ್ ಸುರಿಸಿದರೆ, ಸಣ್ಣ ವಿದ್ಯುತ್ ಯಂತ್ರಕ್ಕೆ 6ರಿಂದ 8 ಲೀಟರ್ ಸಾಕು. ಆದರೂ ಗಂಟೆಗೆ 400 ಲೀಟರ್ ಆಯಿತು. ಅದು ಯಾರ ಸಂಪಿನದೆಂಬುದು ಮೊದಲೇ ಇತ್ಯರ್ಥವಾಗಬೇಕು.

ಒತ್ತಡ: ಪಾಚಿಗಟ್ಟಿದ ಸಿಮೆಂಟು ಅಂಗಳಕ್ಕೆ 25 ಡಿಗ್ರಿಯ ಹಸಿರು ನಾಜಲ್, ಬಣ್ಣದ ಗೋಡೆಗೆ 40 ಡಿಗ್ರಿಯ ಬಿಳಿ ನಾಜಲ್ ಯೋಗ್ಯ. ಹಳೆಯ ಮನೆಗಳ ಸುಣ್ಣದ ಗಾರೆ ಮತ್ತು ಮದ್ರಾಸ್ ತಾರಸಿಗಳ ಮೇಲೆ ಇದನ್ನು ಪ್ರಯೋಗಿಸಲೇಬಾರದು. ಗಾರೆ ಕಿತ್ತು ಮಳೆಗಾಲದಲ್ಲಿ ಮನೆ ಸೋರುತ್ತದೆ. ತಮಿಳುನಾಡಿನಲ್ಲಿ 2003ರಲ್ಲಿ ಕಡ್ಡಾಯವಾದ ಮಳೆನೀರು ಕೊಯ್ಲಿನ ಗುಂಡಿಗೆ ಸಾಬೂನಿನ ನೀರು ಹರಿಯದಂತೆ ತಡೆಯುವುದೂ ಕರ್ತವ್ಯವೇ.

ವಿದ್ಯುತ್: ಒದ್ದೆ ನೆಲದಲ್ಲಿ ಇ.ಎಲ್.ಸಿ.ಬಿ. ಇಲ್ಲದ ಪ್ಲಗ್ಗಿಗೆ ಯಂತ್ರವನ್ನು ಜೋಡಿಸಕೂಡದು. ಕೆಲಸಗಾರನಿಗೆ ರಬ್ಬರ್ ಬೂಟು, ಕನ್ನಡಕ ಅವಶ್ಯ.

ಸಾಲ: 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಬ್ಯಾಂಕಿನ ಮೇಜಿನ ಈಚೆ ಕುಳಿತು ನಾವು ಕಂಡಿರುವುದಿಷ್ಟು: ಯಂತ್ರದ ಬೆಲೆಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಬಿಡುವಿನ ತಿಂಗಳುಗಳನ್ನಲ್ಲ. ಬಿರುಬೇಸಿಗೆಯಲ್ಲಿ ನೀರಿನ ಅಭಾವ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮಳೆಯ ಅಡ್ಡಿ. ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ಆದ್ದರಿಂದ ಮೊದಲು ಯಂತ್ರವನ್ನು ಬಾಡಿಗೆಗೆ ತಂದು ಹತ್ತು ಮನೆಗಳ ಅಂಗಳ ತೊಳೆದು, ಅನಂತರ ಸಾಲಕ್ಕೆ ಅರ್ಜಿ ಹಾಕುವುದು ಲೇಸೆಂದು ನಮ್ಮ ಅಭಿಪ್ರಾಯ.