ಭಾವಚಿತ್ರಕ್ಕೆ ಮುನ್ನ: ಸ್ಟುಡಿಯೋ ಛಾಯಾಚಿತ್ರಣದಲ್ಲಿ ಸಿದ್ಧತೆಯ ಚರಿತ್ರೆ

ಶಾಸನ, ಕಡತ, ನಾಣ್ಯಗಳಿಗೆ ಚರಿತ್ರೆಯ ಆಕರಗಳಾಗಿ ದೊರೆತಿರುವ ಮನ್ನಣೆ ಹಳೆಯ ಭಾವಚಿತ್ರಗಳಿಗೆ ಇನ್ನೂ ದೊರೆತಿಲ್ಲ. ಜೀವನಚರಿತ್ರೆಗಳ ಮುಖಪುಟವನ್ನೋ ಸಂಸ್ಮರಣ ಗ್ರಂಥಗಳ ಒಳಪುಟಗಳನ್ನೋ ಅಲಂಕರಿಸುವುದಕ್ಕಷ್ಟೇ ಅವು ಬಳಕೆಯಾಗುತ್ತವೆ. ಕ್ಯಾಮೆರಾ ಇದ್ದುದನ್ನು ಇದ್ದಂತೆಯೇ ತೋರಿಸುತ್ತದೆ ಎಂಬ ನಂಬಿಕೆ ಇದಕ್ಕೆ ಒಂದು ಕಾರಣ. ಆದರೆ ಸ್ಟುಡಿಯೋದಲ್ಲಿ ತೆಗೆಸಿದ ಯಾವ ಭಾವಚಿತ್ರವೂ ಇದ್ದುದನ್ನು ಇದ್ದಂತೆಯೇ ಹಿಡಿದುದಲ್ಲ. ಅದಕ್ಕೆ ಮುನ್ನ ಎಣ್ಣೆ ನೀರು ಆಗಿರುತ್ತದೆ. ಪೆಟ್ಟಿಗೆಯಿಂದ ರೇಷ್ಮೆ ಹೊರಬಂದಿರುತ್ತದೆ. ಯಾರು ಕೂರಬೇಕು, ಯಾರು ನಿಲ್ಲಬೇಕು ಎಂಬುದು ನಿರ್ಧಾರವಾಗಿರುತ್ತದೆ. ಬಹುಪಾಲು ಜನ ಜೀವಮಾನದಲ್ಲಿ ಒಂದೆರಡು ಬಾರಿ ಮಾತ್ರ ಚಿತ್ರ ತೆಗೆಸಿಕೊಳ್ಳುತ್ತಿದ್ದ ಕಾಲದಲ್ಲಿ ಈ ಸಿದ್ಧತೆಗೆ ದೊಡ್ಡ ತೂಕವಿತ್ತು. ಅಂದು ಮೂಡಿದ ಬಿಂಬವೇ ಮುಂದೆ ಗೋಡೆಯ ಮೇಲೆ ಹೂವಿನ ಹಾರ ಹೊತ್ತು, ಮೊಮ್ಮಕ್ಕಳಿಗೆ ಅಜ್ಜ ಅಜ್ಜಿಯರ ಏಕೈಕ ಮುಖವಾಗಿ ಉಳಿಯುತ್ತಿತ್ತು. ತನ್ನನ್ನು ಹೇಗೆ ನೆನೆಯಬೇಕು ಎಂಬುದನ್ನು ತಾನೇ ನಿರ್ಧರಿಸುವ ಅವಕಾಶ ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆಯನ್ನು ಈ ಸಿದ್ಧತೆಯ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಂತ್ರದ ನಿರ್ಬಂಧಗಳು

ಫ್ರಾನ್ಸಿನ ಡಾಗೇರ್ ರೂಪಿಸಿದ ವಿಧಾನ 1839ರಲ್ಲಿ ಪ್ರಕಟವಾಯಿತು. 1840ರ ವೇಳೆಗೆ ಕಲ್ಕತ್ತೆಯಲ್ಲಿ ಕ್ಯಾಮೆರಾಗಳು ಮಾರಾಟಕ್ಕೆ ಬಂದಿದ್ದವು. ಮುಂಬಯಿಯಲ್ಲಿ 1854ರಲ್ಲಿ, ಕಲ್ಕತ್ತ ಮತ್ತು ಮದರಾಸುಗಳಲ್ಲಿ 1856ರಲ್ಲಿ ಛಾಯಾಚಿತ್ರ ಸಂಘಗಳು ಸ್ಥಾಪನೆಗೊಂಡವು. ಆರಂಭದ ಈ ದಶಕಗಳಲ್ಲಿ ಚಿತ್ರ ತೆಗೆಸಿಕೊಳ್ಳುವುದು ದೇಹವನ್ನು ಶಿಸ್ತಿಗೆ ಒಳಪಡಿಸುವ ಕೆಲಸವೇ ಆಗಿತ್ತು. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಹಸಿ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ದ್ರಾವಣ ಲೇಪಿಸಿ, ಅದು ಒಣಗುವ ಮುನ್ನವೇ ಬಿಂಬ ಹಿಡಿದು ಸಂಸ್ಕರಿಸಬೇಕಾಗಿತ್ತು. ಈ ದೇಶದ ಸೆಕೆಯಲ್ಲಿ ಲೇಪ ಬೇಗ ಒಣಗುತ್ತಿದ್ದುದರಿಂದ ಚಿತ್ರ ತೆಗೆಸಿಕೊಳ್ಳುವವರು ಮೊದಲೇ ಅಣಿಯಾಗಿ ಕುಳಿತಿರಬೇಕಿತ್ತು. ಬೆಳಕಿಗೆ ಒಡ್ಡುವ ಅವಧಿ ಹಲವು ಸೆಕೆಂಡುಗಳಷ್ಟಿದ್ದು, ಅಷ್ಟು ಹೊತ್ತು ತಲೆ ಅಲುಗದಂತೆ ಬೆನ್ನ ಹಿಂದೆ ಕಬ್ಬಿಣದ ಆಧಾರವೊಂದನ್ನು ಮರೆಮಾಡಿ ನಿಲ್ಲಿಸುತ್ತಿದ್ದರು. ಅಂದಿನ ಕೆಲವು ಚಿತ್ರಗಳಲ್ಲಿ ನಿಂತವರ ಪಾದಗಳ ಹಿಂದೆ ಆ ಆಧಾರದ ಬುಡ ಇಣುಕುವುದನ್ನು ಇಂದಿಗೂ ಕಾಣಬಹುದು. ಹಳೆಯ ಭಾವಚಿತ್ರಗಳಲ್ಲಿ ನಗೆ ಅಪರೂಪವಾಗಿರುವುದಕ್ಕೆ ಈ ನಿಶ್ಚಲತೆ ಒಂದು ಕಾರಣ. ಗಾಂಭೀರ್ಯವೇ ಗೌರವ ಎಂಬ, ತೈಲಚಿತ್ರಗಳ ಕಾಲದಿಂದ ಬಂದ ಭಾವನೆ ಇನ್ನೊಂದು.

ನಿಶ್ಚಲತೆಗಿಂತ ಸೂಕ್ಷ್ಮವಾದ ತೊಡಕು ಬಣ್ಣದ್ದು. ಆರಂಭಕಾಲದ ಫಲಕಗಳು ನೀಲಿ ಬೆಳಕಿಗೆ ಮಾತ್ರ ಹೆಚ್ಚು ಸ್ಪಂದಿಸುತ್ತಿದ್ದವು. ಅದರ ಫಲವಾಗಿ ನೀಲಿ ಬಟ್ಟೆ ಬಿಳುಪಾಗಿಯೂ ಕೆಂಪು, ಹಳದಿಗಳು ಕಪ್ಪಾಗಿಯೂ ಮೂಡುತ್ತಿದ್ದವು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಫಲಕಕ್ಕೆ ಬಣ್ಣದ ದ್ರವ್ಯಗಳನ್ನು ಬೆರೆಸಿ ಹಸಿರು, ಹಳದಿಗಳಿಗೂ ಸ್ಪಂದಿಸುವಂತೆ ಮಾಡುವ ದಾರಿ ತೋರಿದನು. ಕೆಂಪು ಸರಿಯಾಗಿ ಮೂಡಲು ಇಪ್ಪತ್ತನೆಯ ಶತಮಾನದ ಫಲಕಗಳೇ ಬರಬೇಕಾಯಿತು. ಭಾರತೀಯ ಅಲಂಕಾರದ ಹಿನ್ನೆಲೆಯಲ್ಲಿ ಈ ಸಂಗತಿಯ ಮಹತ್ವ ಹೆಚ್ಚು. ಅರಿಸಿನ ಹಚ್ಚಿದ ಕೆನ್ನೆ ಮನೆಯಲ್ಲಿ ಮಂಗಳಕರವಾಗಿ ಹೊಳೆದರೂ ಫಲಕದ ಮೇಲೆ ಮಸುಕಾಗುತ್ತಿತ್ತು. ಹಣೆಯ ಕುಂಕುಮ ಕಪ್ಪು ಬೊಟ್ಟಾಗುತ್ತಿತ್ತು. ಕೆಂಪು ರೇಷ್ಮೆ ತನ್ನ ನೇಯ್ಗೆಯ ವಿವರವನ್ನೆಲ್ಲ ಕಳೆದುಕೊಳ್ಳುತ್ತಿತ್ತು. ಅಚ್ಚ ಬಿಳಿಯ ಪಂಚೆಯ ಪಕ್ಕದಲ್ಲಿ ಶ್ಯಾಮಲ ವರ್ಣದ ಮುಖ ಮತ್ತಷ್ಟು ಕಪ್ಪಾಗಿ ಕಾಣುತ್ತಿತ್ತು. ಮುಖಕ್ಕೆ ಪೌಡರ್ ಬಳಿಯುವ ರೂಢಿಯನ್ನು ಬಿಳುಪಿನ ವ್ಯಾಮೋಹವೆಂದಷ್ಟೇ ವಿವರಿಸಿದರೆ ಸಾಲದು. ಆ ವ್ಯಾಮೋಹ ಇದ್ದುದು ನಿಜ. ಯಂತ್ರದ ಸ್ವಭಾವ ಅದಕ್ಕೆ ಇಂಬು ಕೊಟ್ಟಿತು ಎಂಬುದೂ ಅಷ್ಟೇ ನಿಜ. ಸಿದ್ಧತೆಯ ಮುಂದಿನ ಭಾಗ ಚಿತ್ರ ತೆಗೆದ ಬಳಿಕ ನಡೆಯುತ್ತಿತ್ತು. ನೆಗೆಟಿವ್‌ನ ಮೇಲೆ ಚೂಪಾದ ಪೆನ್ಸಿಲಿನಿಂದ ತಿದ್ದಿ ಸುಕ್ಕುಗಳನ್ನೂ ಸಿಡುಬಿನ ಕಲೆಗಳನ್ನೂ ಅಳಿಸುತ್ತಿದ್ದರು. ಮುದ್ರಿತ ಪ್ರತಿಗೆ ಕೈಯಿಂದ ಬಣ್ಣ ತುಂಬಿ ಒಡವೆಗೆ ಹೊಂಬಣ್ಣ, ಸೀರೆಗೆ ಅಂಚು ಕೊಡುವ ಕಲೆ ಭಾರತದಲ್ಲಿ ವಿಶೇಷವಾಗಿ ಬೆಳೆಯಿತು.

ಅರಮನೆಯಿಂದ ಅಧಿಕಾರಿವರ್ಗಕ್ಕೆ

ಭಾರತದಲ್ಲಿ ಭಾವಚಿತ್ರಕ್ಕೆ ಮೊದಲು ಒಲಿದವರಲ್ಲಿ ರಾಜಮನೆತನಗಳು ಪ್ರಮುಖವಾದವು. ದರ್ಬಾರಿನಲ್ಲಿ ಯಾರು ಎಲ್ಲಿ ಕೂರಬೇಕು, ಏನು ಧರಿಸಬೇಕು ಎಂಬ ನಿಯಮ ಅಲ್ಲಿ ಮೊದಲೇ ಇತ್ತು; ಛಾಯಾಗ್ರಾಹಕ ಅದನ್ನು ಫಲಕಕ್ಕೆ ಇಳಿಸಿದನು. ಮೈಸೂರಿನ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇರೆಗೆ 1885ರಲ್ಲಿ ರಾಜಾ ರವಿವರ್ಮ ಮೈಸೂರಿಗೆ ಬಂದು ಭಾವಚಿತ್ರಗಳನ್ನು ರಚಿಸಿದನು. ಅದೇ ಕಾಲಘಟ್ಟದಲ್ಲಿ ಕ್ಯಾಮೆರಾ ಕೂಡ ಅರಮನೆಯ ಒಳಗೆ ನೆಲೆಯೂರುತ್ತಿತ್ತು. ತೈಲಚಿತ್ರದ ಭಂಗಿ, ಪಕ್ಕದ ಮೇಜು, ಹಿಂಬದಿಯ ಕಂಬ ಮತ್ತು ಪರದೆ ಇವೆಲ್ಲ ಸ್ಟುಡಿಯೋದ ಸಾಮಗ್ರಿಗಳಾಗಿ ಮುಂದುವರಿದವು.

ಫ್ರಾನ್ಸಿನ ಡಿಸ್ಡೇರಿ 1854ರಲ್ಲಿ ಹಕ್ಕುಪತ್ರ ಪಡೆದ ಚಿಕ್ಕ ಕಾರ್ಡಿನ ಭಾವಚಿತ್ರ ಈ ವ್ಯವಹಾರವನ್ನು ಅಗ್ಗವಾಗಿಸಿತು. ಒಂದೇ ಫಲಕದ ಮೇಲೆ ಹಲವು ಬಿಂಬಗಳನ್ನು ಹಿಡಿಯಬಹುದಾಗಿದ್ದುದರಿಂದ ವಕೀಲರು, ಅಮಲ್ದಾರರು, ಉಪಾಧ್ಯಾಯರು, ವರ್ತಕರು ಕ್ರಮೇಣ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಬೆಂಗಳೂರಿನ ಬಾರ್ಟನ್ ಸನ್ ಅಂಡ್ ಕಂಪನಿ, ಮದರಾಸಿನ ವೀಲೆ ಅಂಡ್ ಕ್ಲೈನ್ ಮೊದಲಾದ ಸಂಸ್ಥೆಗಳ ಹೆಸರು ದಕ್ಷಿಣ ಭಾರತದ ಹಳೆಯ ಚಿತ್ರಗಳಲ್ಲಿ ಕಾಣಸಿಗುತ್ತದೆ. ಈ ವರ್ಗದ ಉಡುಪು ಎರಡು ಲೋಕಗಳನ್ನು ಒಟ್ಟಿಗೆ ಹೊತ್ತಿತ್ತು. ತಲೆಯ ಮೇಲೆ ಜರಿಯ ಪೇಟ, ಮೈಮೇಲೆ ಮುಚ್ಚುಗೊರಳಿನ ಕೋಟು, ಕೆಳಗೆ ಕಚ್ಚೆಪಂಚೆ. ಕೋಟಿನ ಜೇಬಿನಿಂದ ಇಳಿಬಿದ್ದ ಗಡಿಯಾರದ ಸರಪಣಿ. ಮೇಜಿನ ಮೇಲೆ ಒಂದು ಪುಸ್ತಕ. ಪೇಟ ಪರಂಪರೆಯನ್ನೂ ಗಡಿಯಾರ ಸರ್ಕಾರಿ ವೇಳೆಯನ್ನೂ ಪುಸ್ತಕ ವಿದ್ಯೆಯನ್ನೂ ಸೂಚಿಸುತ್ತಿದ್ದವು. ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಗಳಲ್ಲಿ ಪಾಶ್ಚಾತ್ಯ ಸೂಟು ಮತ್ತು ಮೈಸೂರು ಪೇಟಗಳು ಕೂಡಿಬಂದಿರುವುದು ಈ ಸಂಯೋಗದ ಅತ್ಯಂತ ಪರಿಚಿತ ರೂಪ.

ಸ್ತ್ರೀಯರ ವಿಷಯದಲ್ಲಿ ಸಿದ್ಧತೆಯ ಮೊದಲ ತೊಡಕು ಛಾಯಾಗ್ರಾಹಕನೇ ಆಗಿದ್ದನು. ಅಪರಿಚಿತ ಪುರುಷನ ಮುಂದೆ ಮುಖ ತೋರಿ ಕೂರುವುದು ಅನೇಕ ಮನೆತನಗಳಿಗೆ ಸಮ್ಮತವಿರಲಿಲ್ಲ. ಹೈದರಾಬಾದಿನ ನಿಜಾಮರ ಆಸ್ಥಾನ ಛಾಯಾಗ್ರಾಹಕನಾಗಿದ್ದ ಲಾಲಾ ದೀನದಯಾಳ್ 1892ರಲ್ಲಿ ಅಲ್ಲಿ ಸ್ತ್ರೀಯರಿಗಾಗಿಯೇ ಪ್ರತ್ಯೇಕ ಜನಾನಾ ಸ್ಟುಡಿಯೋ ತೆರೆದು ಅದರ ಹೊಣೆಯನ್ನು ಆಂಗ್ಲ ಮಹಿಳೆಯೊಬ್ಬರಿಗೆ ವಹಿಸಿದನು. ಇಂದಿನ ಕಲಬುರಗಿ, ಬೀದರ, ರಾಯಚೂರು ಪ್ರದೇಶಗಳು ಅಂದು ಅದೇ ಸಂಸ್ಥಾನಕ್ಕೆ ಸೇರಿದ್ದವು. ಕ್ಯಾಮೆರಾದ ಹಿಂದೆ ಯಾರಿದ್ದಾರೆ ಎಂಬುದು ಕ್ಯಾಮೆರಾದ ಮುಂದಿನವರ ಅಲಂಕಾರವನ್ನೂ ನಿರಾತಂಕವನ್ನೂ ನಿರ್ಧರಿಸುತ್ತದೆ ಎಂಬ ತಿಳಿವಳಿಕೆ ಈ ವ್ಯವಸ್ಥೆಯ ಹಿಂದೆ ಕೆಲಸ ಮಾಡಿದೆ.

ಮೊಗ್ಗಿನ ಜಡೆಯ ಚಿತ್ರ

ಕನ್ನಡ ನಾಡಿನ ಸ್ಟುಡಿಯೋ ಸಂಪ್ರದಾಯದಲ್ಲಿ ಸಿದ್ಧತೆಯೇ ವಸ್ತುವಾದ ಒಂದು ಪ್ರಕಾರವಿದೆ. ಅದು ಮೊಗ್ಗಿನ ಜಡೆಯ ಚಿತ್ರ. ಮಲ್ಲಿಗೆ ಹೇರಳವಾಗಿ ದೊರೆಯುವ ಬೇಸಿಗೆಯಲ್ಲಿ ಹೆಣ್ಣುಮಕ್ಕಳ ಜಡೆಗೆ ಮೊಗ್ಗುಗಳನ್ನು ಸಾಲಾಗಿ ಹೊಲಿದು, ನಡುನಡುವೆ ಬಣ್ಣದ ಹೂವನ್ನೋ ಜರಿಯನ್ನೋ ಕೂಡಿಸಿ, ತುದಿಗೆ ಕುಚ್ಚು ಕಟ್ಟಿ, ಬೈತಲೆಬೊಟ್ಟು, ವಂಕಿ, ಡಾಬುಗಳಿಂದ ಸಿಂಗರಿಸಿ ಸ್ಟುಡಿಯೋಗೆ ಕರೆದೊಯ್ಯುವುದು ಇಪ್ಪತ್ತನೆಯ ಶತಮಾನದ ಅನೇಕ ಮನೆಗಳ ವಾಡಿಕೆಯಾಗಿತ್ತು. ಸೀಮಂತದ ಸಂದರ್ಭದಲ್ಲಿ ಗರ್ಭಿಣಿಯರಿಗೂ ಇದೇ ಅಲಂಕಾರ ಮಾಡಿ ಚಿತ್ರ ತೆಗೆಸುತ್ತಿದ್ದರು.

ಈ ಸಿದ್ಧತೆಗೆ ಅದರದೇ ಕಾಲಗಣನೆ ಇತ್ತು. ಮಲ್ಲಿಗೆಯ ಮೊಗ್ಗು ಸಂಜೆಯ ಹೊತ್ತಿಗೆ ಬಿರಿಯತೊಡಗುತ್ತದೆ. ಬಿರಿದರೆ ಸಾಲಿನ ಅಚ್ಚುಕಟ್ಟು ಕೆಡುತ್ತದೆ. ಆದುದರಿಂದ ಮೊಗ್ಗು ಬಿಗಿಯಾಗಿರುವಾಗಲೇ ಹೊಲಿಗೆ ಮುಗಿಸಿ ಸ್ಟುಡಿಯೋ ತಲುಪಬೇಕು. ಮಗು ಗಂಟೆಗಟ್ಟಲೆ ತಲೆ ಬಾಗಿಸಿ ಕೂರಬೇಕು. ತಾಯಿ, ಅಜ್ಜಿ, ಅತ್ತೆ, ನೆರೆಮನೆಯ ಹೆಂಗಸರು ಸರದಿಯಲ್ಲಿ ಸೂಜಿ ಹಿಡಿಯಬೇಕು. ಒಡವೆ ಸಾಲದಿದ್ದರೆ ಎರವಲು ತರುವುದೂ ಇತ್ತು.

ಇಷ್ಟೆಲ್ಲ ಶ್ರಮದ ಫಲ ಬೆನ್ನ ಮೇಲಿತ್ತು. ಭಾವಚಿತ್ರದ ನಿಯಮವಾದರೋ ಮುಖವನ್ನು ಬೇಡುತ್ತಿತ್ತು. ಈ ಇಕ್ಕಟ್ಟಿಗೆ ಸ್ಟುಡಿಯೋಗಳು ಕಂಡುಕೊಂಡ ಪರಿಹಾರ ನಿಲುಗನ್ನಡಿ. ಹುಡುಗಿಯ ಹಿಂದೆ ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿ, ಅದರಲ್ಲಿ ಕ್ಯಾಮೆರಾ ಬೀಳದಂತೆ ಜಡೆ ಮಾತ್ರ ಮೂಡುವಂತೆ ಕೋನ ಹೊಂದಿಸಿದರೆ ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ದೊರೆಯುತ್ತಿದ್ದವು. ಪಾಶ್ಚಾತ್ಯ ಭಾವಚಿತ್ರದ ಚೌಕಟ್ಟನ್ನು ಸ್ಥಳೀಯ ಅಗತ್ಯ ಹೀಗೆ ತನಗೆ ಬೇಕಾದಂತೆ ಹಿಗ್ಗಿಸಿಕೊಂಡಿತು. ಇಲ್ಲಿ ಚಿತ್ರಿತವಾಗಿರುವುದು ಹುಡುಗಿಯ ಮುಖದಷ್ಟೇ ಮನೆಯ ಹೆಂಗಸರ ಕೈಕೆಲಸ. ಚಿತ್ರದ ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು ಉಳಿದಿದ್ದರೂ ಜಡೆ ಹೊಲಿದವರ ಹೆಸರು ಎಲ್ಲಿಯೂ ದಾಖಲಾಗಿರುವುದಿಲ್ಲ.

ಅಲಂಕಾರವೇ ನಿಷಿದ್ಧವಾಗಿದ್ದ ವಿಧವೆಯರ ಸ್ಥಿತಿ ಇದಕ್ಕೆ ವಿರುದ್ಧವಾದುದು. ಇಂದಿನ ಕರ್ನಾಟಕದ ಪಶ್ಚಿಮಘಟ್ಟ ಪ್ರದೇಶದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರ ಪ್ರಸಿದ್ಧ ಭಾವಚಿತ್ರಗಳಲ್ಲಿ ಬಿಳಿಯ ಸೀರೆ, ಕತ್ತರಿಸಿದ ಕೂದಲು ಮತ್ತು ನೇರ ನೋಟ ಕಾಣುತ್ತವೆ. ವೈಧವ್ಯದ ಗುರುತುಗಳೇ ಅಲ್ಲಿ ವಿದುಷಿಯೊಬ್ಬರ ಘನತೆಯ ಉಡುಪಾಗಿ ಮಾರ್ಪಟ್ಟಿವೆ.

ಸಿದ್ಧತೆಯಿಂದ ವಂಚಿತರಾದವರು

ಸ್ಟುಡಿಯೋ ಭಾವಚಿತ್ರ ಬೆಳೆದ ಕಾಲದಲ್ಲಿಯೇ ಇನ್ನೊಂದು ಬಗೆಯ ಛಾಯಾಚಿತ್ರಣವೂ ಬೆಳೆಯಿತು. ಜಾನ್ ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ ‘ದಿ ಪೀಪಲ್ ಆಫ್ ಇಂಡಿಯಾ’ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಬಹುಪಾಲು ಚಿತ್ರಗಳ ಕೆಳಗೆ ಇರುವುದು ಜಾತಿಯ, ಬುಡಕಟ್ಟಿನ ಅಥವಾ ಕಸುಬಿನ ಹೆಸರು. ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಅಧ್ಯಯನದಲ್ಲಿ ಕ್ಯಾಮೆರಾ ಮತ್ತು ತಲೆ, ಮೂಗುಗಳನ್ನು ಅಳೆಯುವ ಉಪಕರಣಗಳು ಜೊತೆಜೊತೆಯಾಗಿ ಸಾಗಿದವು. ಮೈಸೂರು ಸಂಸ್ಥಾನದಲ್ಲಿ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರ ಅವಧಿಯಲ್ಲಿ ಹೊರಬಂದ ನಾಲ್ಕು ಸಂಪುಟಗಳೂ ಇದೇ ಜ್ಞಾನಪ್ರಕಾರಕ್ಕೆ ಸೇರುತ್ತವೆ.

ಈ ಬಗೆಯ ಚಿತ್ರಣದಲ್ಲಿ ಏನು ಉಡಬೇಕು, ಹೇಗೆ ನಿಲ್ಲಬೇಕು ಎಂಬ ಆಯ್ಕೆ ಚಿತ್ರಿತರದಾಗಿರಲಿಲ್ಲ. ಹಬ್ಬದ ಉಡುಪು ಉಳ್ಳವರನ್ನೂ ದುಡಿಮೆಯ ಬಟ್ಟೆಯಲ್ಲಿ ನಿಲ್ಲಿಸಲು ಸಾಧ್ಯವಿತ್ತು; ನೇರವಾಗಿ ಒಂದು, ಪಾರ್ಶ್ವದಿಂದ ಒಂದು ಎಂಬ ಕ್ರಮ ವ್ಯಕ್ತಿಯನ್ನು ಮಾದರಿಯನ್ನಾಗಿ ಮಾಡುತ್ತಿತ್ತು. ಅದೇ ಮುಖ ಸ್ಟುಡಿಯೋದಲ್ಲಿ ತನಗೆ ಬೇಕಾದಂತೆ ಸಿದ್ಧವಾಗಿ ಕುಳಿತಿದ್ದರೆ ಭಾವಚಿತ್ರವಾಗುತ್ತಿತ್ತು. ಭಾವಚಿತ್ರ ಮತ್ತು ಮಾದರಿಚಿತ್ರಗಳ ನಡುವಿನ ವ್ಯತ್ಯಾಸವನ್ನು ಮಸೂರದಲ್ಲಿಯೋ ಫಲಕದಲ್ಲಿಯೋ ಹುಡುಕಿದರೆ ಸಿಗದು. ಚಿತ್ರಕ್ಕೆ ಮುನ್ನ ಕನ್ನಡಿ ನೋಡಿಕೊಳ್ಳುವ ಅವಕಾಶ ಇತ್ತೇ ಎಂಬುದರಲ್ಲಿ ಅದು ಅಡಗಿದೆ.

ಸ್ಟುಡಿಯೋದ ಕೋಟು

ಈ ಹಿನ್ನೆಲೆಯಲ್ಲಿ ಇಪ್ಪತ್ತನೆಯ ಶತಮಾನದ ಸಣ್ಣ ಊರುಗಳ ಸ್ಟುಡಿಯೋಗಳನ್ನು ಮರುಪರಿಶೀಲಿಸಬೇಕಾಗಿದೆ. ಬಾಗಿಲ ಬಳಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ; ಗೂಟಕ್ಕೆ ತೂಗುಹಾಕಿದ ಕೋಟು ಮತ್ತು ಟೈ; ಒಳಗೆ ವೃತ್ತಿ ನಾಟಕದ ಪರದೆಗಳನ್ನು ನೆನಪಿಸುವ ಅರಮನೆ, ಉದ್ಯಾನ, ಸರೋವರಗಳ ಹಿನ್ನೆಲೆ. ಮಧ್ಯಪ್ರದೇಶದ ನಾಗದಾ ಪಟ್ಟಣದ ಸ್ಟುಡಿಯೋಗಳನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ ತಮ್ಮ 1997ರ ‘ಕ್ಯಾಮೆರಾ ಇಂಡಿಕಾ’ ಗ್ರಂಥದಲ್ಲಿ, ಅಲ್ಲಿನ ಜನ ಭಾವಚಿತ್ರದಿಂದ ಬಯಸಿದ್ದು ಇರುವ ಸ್ಥಿತಿಯ ದಾಖಲೆಗಿಂತ ಹೆಚ್ಚಾಗಿ ಆಗಬಹುದಾದ ರೂಪವನ್ನು ಎಂಬುದನ್ನು ತೋರಿಸಿಕೊಟ್ಟಿದ್ದಾರೆ. ಎರವಲು ಕೋಟನ್ನು ಸುಳ್ಳು ವೇಷವೆಂದು ಹೀಗಳೆಯುವುದು ಸುಲಭ. ಆದರೆ ಮೈತುಂಬ ಬಟ್ಟೆ ಉಡುವುದಕ್ಕೂ ಕಾಲಿಗೆ ಚಪ್ಪಲಿ ಮೆಟ್ಟುವುದಕ್ಕೂ ಜಾತಿಯ ಅಡ್ಡಿಗಳಿದ್ದ ಸಮಾಜದಲ್ಲಿ, ಕೆಲವು ನಿಮಿಷಗಳ ಮಟ್ಟಿಗಾದರೂ ಆ ಕೋಟು ಹೊಗಿಸಿದವನು ಕೇಳುತ್ತಿದ್ದುದು ಹಣವನ್ನಷ್ಟೇ, ಜಾತಿಯನ್ನಲ್ಲ. ಡಾ. ಬಿ.ಆರ್. ಅಂಬೇಡ್ಕರ್ ಅವರ ಸೂಟುಧಾರಿ ಭಾವಚಿತ್ರ ಕರ್ನಾಟಕದ ಕೇರಿಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಪಡೆದಿರುವ ಸ್ಥಾನವನ್ನು ಈ ನೆಲೆಯಿಂದ ಅರ್ಥೈಸಬೇಕು. ಒಪ್ಪವಾದ ಉಡುಪು ಅಲ್ಲಿ ಸಮಾನತೆಯ ಹಕ್ಕೊತ್ತಾಯ.

ಸಮಾರೋಪ

1993ರಲ್ಲಿ ಆರಂಭವಾದ ಮತದಾರರ ಭಾವಚಿತ್ರ ಗುರುತಿನ ಚೀಟಿ, 2010ರಿಂದ ವಿತರಣೆಯಾದ ಆಧಾರ್ ಇವು ಪ್ರತಿಯೊಬ್ಬ ವಯಸ್ಕರ ಮುಖವನ್ನೂ ಕ್ಯಾಮೆರಾದ ಮುಂದೆ ತಂದಿವೆ. ಸರತಿಯಲ್ಲಿ ನಿಂತು, ಕುರ್ಚಿಯಲ್ಲಿ ಕ್ಷಣಕಾಲ ಕುಳಿತು ಏಳುವ ಈ ವಿಧಾನದಲ್ಲಿ ಸಿದ್ಧತೆಗೆ ಎಡೆ ಕಡಿಮೆ. ಆ ಚಿತ್ರ ತನ್ನಂತಿಲ್ಲ ಎಂದು ಜನ ನಗುತ್ತಲೇ ಆಡುವ ಮಾತು ಹಳೆಯ ಪ್ರಶ್ನೆಯನ್ನೇ ಮತ್ತೆ ಎತ್ತುತ್ತದೆ. ಗುರುತಿಸಲ್ಪಡುವುದು ಬೇರೆ, ತನ್ನನ್ನು ತಾನು ತೋರಿಕೊಳ್ಳುವುದು ಬೇರೆ.

ಹಳೆಯ ಸ್ಟುಡಿಯೋಗಳು ಮುಚ್ಚಿದಂತೆಲ್ಲ ಗಾಜಿನ ಫಲಕಗಳು, ನೆಗೆಟಿವ್‌ಗಳು ಚದುರಿಹೋಗುತ್ತಿವೆ. ಅವುಗಳನ್ನು ಸಂಗ್ರಹಿಸುವಾಗ ಚಿತ್ರಿತರ ಹೆಸರಿನ ಜೊತೆಗೆ ಉಡುಪು ಯಾರದು, ಒಡವೆ ಎಲ್ಲಿಯದು, ಜಡೆ ಹೊಲಿದವರು ಯಾರು, ಯಾವ ಸಂದರ್ಭಕ್ಕೆ ತೆಗೆಸಿದ್ದು ಎಂಬ ವಿವರಗಳನ್ನೂ ಮನೆಯ ಹಿರಿಯರಿಂದ ಕೇಳಿ ಬರೆದಿಡುವುದು ಅಗತ್ಯ. ಆ ನೆನಪುಗಳು ಇಲ್ಲವಾದರೆ ಮನೆತನದ ಭಾವಚಿತ್ರಗಳೂ ಹೆಸರಿಲ್ಲದ ಮಾದರಿಚಿತ್ರಗಳ ಸಾಲಿಗೆ ಸೇರುತ್ತವೆ.