ತೆಗೆಯಲೆಂದೇ ತುಂಬಿದ್ದು: ದಂತವೈದ್ಯದ ತಾತ್ಕಾಲಿಕ ಭರ್ತಿ ಸಾಮಗ್ರಿಗಳ ಚರಿತ್ರೆ

ದಂತವೈದ್ಯದ ಚರಿತ್ರೆ ಬರೆಯುವವರು ಬಂಗಾರದ ತಗಡು, ಅಮಾಲ್ಗಮ್, ಪಿಂಗಾಣಿಗಳಿಗೆ ಧಾರಾಳವಾಗಿ ಜಾಗ ಕೊಡುತ್ತಾರೆ. ವಾರ ಎರಡು ವಾರ ಹಲ್ಲಿನಲ್ಲಿದ್ದು ಹೋಗುವ ಸಿಮೆಂಟಿಗೆ ಆ ಗೌರವ ಸಿಕ್ಕಿಲ್ಲ. ಈ ಸಾಮಗ್ರಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಇವುಗಳಲ್ಲಿ ಮುಖ್ಯವಾದ ಕೆಲವು ಹುಟ್ಟುವಾಗ ತಾತ್ಕಾಲಿಕವಾಗಿರಲಿಲ್ಲ. ಕಾಯಂ ಭರ್ತಿಯಾಗಲು ಹೊರಟು, ಸೋತು, ಈ ಕೆಲಸಕ್ಕೆ ಬಂದವು.

ಹಲ್ಲಿನ ಕುಳಿ ತುಂಬುವ ರೂಢಿ ಹಳೆಯದು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಹುಳುಕು ಹಲ್ಲಿನ ಕುಳಿಗೆ ಬೆಲ್ಲವನ್ನೋ ಜೇನುಮೇಣವನ್ನೋ ತುಂಬಿ, ಕಾಯಿಸಿದ ಶಲಾಕೆಯಿಂದ ಸುಡುವ ವಿಧಾನವಿದೆ. ಎಕ್ಕದ ಹಾಲು ತುಂಬುವ ಸೂಚನೆಯೂ ಇದೆ. ಮೊದಲ ಶತಮಾನದ ರೋಮಿನ ಸೆಲ್ಸಸ್ ಟೊಳ್ಳು ಹಲ್ಲನ್ನು ಕೀಳುವ ಮೊದಲು ಅದರಲ್ಲಿ ನಾರುಬಟ್ಟೆ ಅಥವಾ ಸೀಸ ತುಂಬಬೇಕೆನ್ನುತ್ತಾನೆ, ಇಕ್ಕಳದ ಹಿಡಿತಕ್ಕೆ ಹಲ್ಲು ಪುಡಿಯಾಗದಿರಲೆಂದು. ಶಲಾಕೆಯಾಗಲಿ ಇಕ್ಕಳವಾಗಲಿ, ಎರಡೂ ಕಡೆ ತುಂಬಿದ್ದು ಮುಂದಿನ ಕ್ರಿಯೆಗೆ ಸಿದ್ಧತೆಯಾಗಿ ಮಾತ್ರ. ರೋಗಿ ಅದನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಹೋಗಿ ಮತ್ತೆ ಬರುವ ಪ್ರಶ್ನೆ ಅಲ್ಲಿಲ್ಲ.

ಆ ಪ್ರಶ್ನೆ ಎದ್ದದ್ದು 19ನೇ ಶತಮಾನದಲ್ಲಿ. ಹಲ್ಲಿನ ತಿರುಳನ್ನು ಸಾಯಿಸಲು ಆರ್ಸೆನಿಕ್ ಬಳಸುವ ಕ್ರಮ 1836ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಪಾಷಾಣವನ್ನು ಹಲ್ಲಿನೊಳಗಿಟ್ಟು ಕೆಲಸ ಮಾಡಲು ಬಿಡಬೇಕು. ಹೊರಗೆ ಸೋರಿದರೆ ಒಸಡು ಸುಡುತ್ತದೆ. ಚಿಕಿತ್ಸೆ ಒಂದಕ್ಕಿಂತ ಹೆಚ್ಚು ಭೇಟಿಗಳಿಗೆ ಹರಡಿಕೊಂಡಾಗ, ಎರಡು ಭೇಟಿಗಳ ನಡುವಿನ ಮುಚ್ಚಳವೊಂದು ಬೇಕೇಬೇಕಾಯಿತು. ಸ್ಯಾಂಡರಾಕ್ ಎಂಬ ಮರದ ಅಂಟಿನ ವಾರ್ನಿಷಿನಲ್ಲಿ ಅದ್ದಿದ ಹತ್ತಿ ಬಹುಕಾಲ ಆ ಕೆಲಸ ಮಾಡಿತು. ಅದು ನಾರುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇನ್ನೊಂದು ಕಡೆ, ಸಪೋಟದ ಕುಟುಂಬಕ್ಕೆ ಸೇರಿದ ಮಲಯಾ ಮರವೊಂದರ ಹಾಲು ಯುರೋಪನ್ನು ತಲುಪಿತ್ತು. ಸಿಂಗಪುರದಲ್ಲಿದ್ದ ವೈದ್ಯ ವಿಲಿಯಂ ಮಾಂಟ್ಗೊಮರಿ 1843ರಲ್ಲಿ ಗಟಾಪರ್ಚಾ ಎಂಬ ಆ ವಸ್ತುವನ್ನು ಲಂಡನ್ನಿಗೆ ಪರಿಚಯಿಸಿದ. ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾದ ಈ ವಸ್ತುವಿಗೆ ಅಮೆರಿಕದ ದಂತವೈದ್ಯ ಏಸಾ ಹಿಲ್ 1840ರ ದಶಕದ ಕೊನೆಯಲ್ಲಿ ಸುಣ್ಣ, ಬೆಣಚುಕಲ್ಲಿನ ಪುಡಿ ಬೆರೆಸಿ ‘ಹಿಲ್ಸ್ ಸ್ಟಾಪಿಂಗ್’ ತಯಾರಿಸಿದ. ಬಂಗಾರಕ್ಕೆ ಬದಲಾಗಬಲ್ಲ ಭರ್ತಿ ಎಂಬುದು ಆಶಯ. ಬಿಸಿಗೆ ಮೆತ್ತಗಾಗುತ್ತದೆ, ಕುಳಿಗೆ ಒತ್ತಬಹುದು. ಆದರೆ ಜಗಿತಕ್ಕೆ ಸವೆಯುತ್ತದೆ, ತಣಿಯುವಾಗ ಕುಗ್ಗಿ ಅಂಚು ಬಿಡುತ್ತದೆ. ಫಿಲಡೆಲ್ಫಿಯಾದ ಜೆ. ಫಾಸ್ಟರ್ ಫ್ಲ್ಯಾಗ್ ಮತ್ತು ಜೊತೆಗಾರರು 1870ರ ದಶಕದಲ್ಲಿ ಬಂಗಾರದ ಏಕಾಧಿಪತ್ಯದ ವಿರುದ್ಧ ಎದ್ದಾಗ ಗಟಾಪರ್ಚಾದ ಪರವಾಗಿಯೂ ವಾದಿಸಿದರು. ಫ್ಲ್ಯಾಗ್ 1881ರಲ್ಲಿ ಮೆತು ಭರ್ತಿಗಳ ಬಗ್ಗೆಯೇ ಪುಸ್ತಕ ಬರೆದ. ಆ ವಾದ ಪೂರ್ತಿ ಗೆಲ್ಲಲಿಲ್ಲ. ಗಟಾಪರ್ಚಾಕ್ಕೆ ಉಳಿದದ್ದು ಎರಡು ಜಾಗ: ಬೇರಿನ ನಾಳ ಮತ್ತು ತಾತ್ಕಾಲಿಕ ಮುಚ್ಚಳ. ಸುಲಭವಾಗಿ ಕಿತ್ತು ಬರುವ ಅದರ ದೋಷವೇ ಎರಡನೆಯ ಕಡೆ ಅರ್ಹತೆಯಾಯಿತು.

ಲವಂಗದ ಎಣ್ಣೆಯ ಸಿಮೆಂಟಿನ ದಾರಿ ಸ್ವಲ್ಪ ಬೇರೆ. ಹಲ್ಲುನೋವಿಗೆ ಲವಂಗ ಒತ್ತಿಡುವ ನಮ್ಮ ಅಜ್ಜಿಯರ ಮದ್ದನ್ನೇ 18ನೇ ಶತಮಾನದ ಫ್ರಾನ್ಸಿನಲ್ಲಿ ದಂತವೈದ್ಯ ಪಿಯೆರ್ ಫೊಶಾರ್ ಕೂಡ ಹೇಳಿದ್ದ. 1870ರ ದಶಕದಲ್ಲಿ ಆ ಎಣ್ಣೆಯನ್ನು ಸತುವಿನ ಆಕ್ಸೈಡ್ ಪುಡಿಯೊಂದಿಗೆ ಕಲಸುವುದು ಶುರುವಾಯಿತು. ಅದಕ್ಕೂ ಮೊದಲು ಬಂದಿದ್ದ, ರಸಾಯನಜ್ಞ ಸೊರೆಲ್ 1855ರಲ್ಲಿ ವಿವರಿಸಿದ ಸತುವಿನ ಕ್ಲೋರೈಡ್ ಸಿಮೆಂಟ್ ತಿರುಳನ್ನು ಕೆರಳಿಸುತ್ತಿತ್ತು, ಇದು ಸಮಾಧಾನಪಡಿಸುತ್ತಿತ್ತು. ಕಾರಣ ಅದರ ರಸಾಯನದಲ್ಲಿಯೇ ಇದೆ. ಎಣ್ಣೆಯ ಬಹುಪಾಲಾದ ಯೂಜಿನಾಲ್ ಸತುವಿನೊಡನೆ ಸೇರಿ ಗಟ್ಟಿಯಾದರೂ, ತೇವ ತಾಕಿದಾಗ ಆ ಬಂಧ ನಿಧಾನಕ್ಕೆ ಬಿಚ್ಚಿಕೊಂಡು ಯೂಜಿನಾಲ್ ಮತ್ತೆ ಹೊರಬರುತ್ತದೆ. ಕರಗುವುದೇ ಅದರ ದೌರ್ಬಲ್ಯ, ಕರಗುವುದೇ ಅದರ ಔಷಧ. ಕ್ಲಿನಿಕ್ಕಿನ ಬಾಗಿಲಲ್ಲೇ ಮೂಗಿಗೆ ಬಡಿಯುತ್ತಿದ್ದ ಘಾಟು ಇದರದೇ. ಮುಂದೆ ಅಕ್ರಿಲಿಕ್ ಕಣಗಳನ್ನು ಸೇರಿಸಿ ಬಲಪಡಿಸಿದ ಇದೇ ಬಗೆಯ ಸಿಮೆಂಟಾದ ಐಆರ್‌ಎಂ ಒಂದು ವರ್ಷದವರೆಗೂ ಬಾಳುವಂತಾಯಿತು.

ಈ ನಡುವೆ ಅಳತೆಗೋಲೇ ಬದಲಾಗಿತ್ತು. ನೋವು ನಿಂತಿತೇ ಎಂಬುದಕ್ಕಿಂತ, ಅಂಚಿನಿಂದ ಬ್ಯಾಕ್ಟೀರಿಯಾ ನುಸುಳುತ್ತದೆಯೇ ಎಂಬುದು ಮುಖ್ಯವಾಯಿತು. ದಂತವೈದ್ಯ ಲೂಯಿಸ್ ಗ್ರಾಸ್‌ಮನ್ 1939ರಲ್ಲಿಯೇ ತಾತ್ಕಾಲಿಕ ಭರ್ತಿಗಳನ್ನು ಬರೀ ಮುಚ್ಚಳದ ಬಿಗಿತಕ್ಕಾಗಿ ಪರೀಕ್ಷಿಸಿದ್ದ. ಜರ್ಮನಿಯ ಎಸ್ಪೆ ಕಂಪನಿಯ ಕ್ಯಾವಿಟ್ ಈ ಹೊಸ ಅಳತೆಗೆ ತಕ್ಕ ಉತ್ತರ. ಕಲಸುವ ಗೋಜಿಲ್ಲ, ಡಬ್ಬಿಯಿಂದ ತೆಗೆದು ಒತ್ತಿದರೆ ಜೊಲ್ಲಿನ ನೀರು ಹೀರಿ, ಹಿಗ್ಗಿ, ಅಂಚಿಗೆ ಬಿಗಿಯಾಗಿ ಕೂರುತ್ತದೆ. ಕಾಯಂ ಆಗುವ ಹಂಬಲವನ್ನೇ ಇಟ್ಟುಕೊಳ್ಳದ ಸಾಮಗ್ರಿ ಇದೆಂದು ನನ್ನ ಎಣಿಕೆ. ಆದರೆ ತೆಳ್ಳಗೆ ಹಚ್ಚಿದರೆ ಪ್ರಯೋಜನವಿಲ್ಲ: 1978ರಲ್ಲಿ ವೆಬರ್ ಮತ್ತು ಸಹೋದ್ಯೋಗಿಗಳು ಬಣ್ಣದ ದ್ರಾವಣವಿಟ್ಟು ನೋಡಿ, ಕನಿಷ್ಠ 3.5 ಮಿಲಿಮೀಟರ್ ದಪ್ಪ ಬೇಕೆಂದು ತೋರಿಸಿದರು.

ಯೂಜಿನಾಲ್‌ಗೆ ಕುತ್ತು ಬಂದದ್ದು ಹಲ್ಲಿನ ಬಣ್ಣದ ಕಾಂಪೊಸಿಟ್ ಭರ್ತಿಗಳಿಂದ. ಅವುಗಳಲ್ಲಿನ ರಾಳ ಗಟ್ಟಿಯಾಗುವ ಸರಪಳಿ ಕ್ರಿಯೆಯನ್ನು ಯೂಜಿನಾಲ್ ನಡುವೆಯೇ ತಡೆಯುತ್ತದೆ. ಹಾಗಾಗಿ ಮೇಲೆ ಕಾಂಪೊಸಿಟ್ ಹಾಕುವುದಿದ್ದರೆ ಇಂದಿನ ವೈದ್ಯರು ಸಾಮಾನ್ಯವಾಗಿ ಕ್ಯಾವಿಟ್‌ನಂಥ, ಯೂಜಿನಾಲ್ ಇಲ್ಲದ ಸಾಮಗ್ರಿಗೇ ಕೈ ಹಾಕುತ್ತಾರೆ.