ಕೆ.ಸಿ. ವ್ಯಾಲಿ ಯೋಜನೆ

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸುವ, ಕರ್ನಾಟಕ ಸಣ್ಣ ನೀರಾವರಿ ಇಲಾಖೆಯ ಯೋಜನೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಣಾ ಘಟಕಗಳಿಂದ ದಿನಕ್ಕೆ 440 ದಶಲಕ್ಷ ಲೀಟರ್ ನೀರು ಹರಿಸುವುದು ಇದರ ಗುರಿ. ಸುಮಾರು 100 ಕಿ.ಮೀ. ದೂರದಿಂದ ಭಾರಿ ವಿದ್ಯುತ್ ವ್ಯಯಿಸಿ ನಗರಕ್ಕೆ ಎತ್ತಿ ತಂದ ಕಾವೇರಿ ನೀರಿನ ಒಂದು ಪಾಲು ಹೀಗೆ ಎರಡನೆಯ ಬಾರಿ ಬಳಕೆಯಾಗುತ್ತದೆ. ಮೊದಲ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆ ಸೇರಿತು.

ಲಕ್ಷ್ಮೀಸಾಗರದಿಂದ ಮುಂದೆ ಹಿಂದಿನವರು ಕಟ್ಟಿದ ಕೆರೆ ಸರಪಳಿಯೇ ಬಹುಮಟ್ಟಿಗೆ ಆಧಾರ: ಒಂದು ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಯೋಜನೆಯ ಜಾಣತನವಿರುವುದು ಇಲ್ಲಿಯೇ. ಕೆರೆಯಿಂದ ನೇರವಾಗಿ ಹೊಲಕ್ಕೆ ನೀರೆತ್ತುವಂತಿಲ್ಲ. ಅಂತರ್ಜಲ ಮರುಪೂರಣವೇ ಉದ್ದೇಶ. ಬತ್ತಿದ್ದ ಎಷ್ಟೋ ಕೊಳವೆಬಾವಿಗಳಲ್ಲಿ ನೀರು ಮರಳಿದೆ.

ಆಕ್ಷೇಪಗಳು ಹಗುರವಾದುವಲ್ಲ. ಆರಂಭದಲ್ಲೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು 2018ರಲ್ಲಿ ಹೈಕೋರ್ಟ್, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದ್ದವು, ಎರಡೂ ತೆರವಾದವು. ನೀರಿಗೆ ಎರಡನೆಯ ಹಂತದ ಸಂಸ್ಕರಣೆ ಮಾತ್ರ ನಡೆಯುವುದರಿಂದ ಸಾರಜನಕ, ರಂಜಕಗಳು ಉಳಿಯುತ್ತವೆ. ಮೂರನೆಯ ಹಂತದ ಸಂಸ್ಕರಣೆಯಾಗಬೇಕೆಂಬ ಹೋರಾಟಗಾರರ ಬೇಡಿಕೆ ನ್ಯಾಯವಾದದ್ದು.